ಕಾಫಿ ಇಳಿಸಿ ಬರುವ ಪಿಕಪ್‌ನಲ್ಲಿ ನಮ್ಮ ಬೆಡ್‌ಶೀಟುಗಳು: ಡಿಸ್ಕೌಂಟ್ ಖರೀದಿಯ ನನ್ನ ಅನುಭವ

ಮಡಿಕೇರಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆಗಿರುವ ನಮ್ಮ ನಾಲ್ಕು ಕೋಣೆಗಳ ಹೋಂಸ್ಟೇಗೆ ಬೇಕಾದ ಬೆಡ್‌ಶೀಟು, ಟವೆಲು, ಕಂಬಳಿ, ಪಿಂಗಾಣಿ, ಸಾಬೂನುಗಳನ್ನೆಲ್ಲ ಇನ್ನು ಮುಂದೆ ಮೈಸೂರಿನ ಡಿಸ್ಕೌಂಟ್ ಅಂಗಡಿಗಳಿಂದ ತರುತ್ತೇನೆ ಎಂದು 2019ರಲ್ಲಿ ನಾನು ಹೇಳಿದಾಗ ಮನೆಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೂರು ರೂಪಾಯಿ ಉಳಿಸಲು ಸಾವಿರ ರೂಪಾಯಿಯ ಪೆಟ್ರೋಲ್ ಸುಡುವ ಲೆಕ್ಕ ಇದು ಎಂದು ಯಜಮಾನರು ನಕ್ಕರು. ಪಕ್ಕದ ತೋಟದ ಅಕ್ಕ, ಅವರೂ ಹೋಂಸ್ಟೇ ನಡೆಸುವವರು, "ಅಗ್ಗದ ಮಾಲು ನಮ್ಮ ಮಳೆಗೆ ತಡೆಯುವುದಿಲ್ಲ, ಬೇಕಾದರೆ ನೋಡಿ" ಎಂದರು. ಸುಮಾರು ನಾಲ್ಕು ವರ್ಷ ಅವರಿಬ್ಬರ ಮಾತೂ ನಿಜವಾಗಿಯೇ ಇತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷಗಳಿಂದ ಈಚೆಗೆ ಲೆಕ್ಕ ತಿರುಗಿದೆ: ವರ್ಷಕ್ಕೆ ಹೆಚ್ಚು ಕಡಿಮೆ 90 ಸಾವಿರದ ಖರೀದಿಯಲ್ಲಿ, ಸಾಗಣೆಯ ಖರ್ಚನ್ನು ಕಳೆದ ಮೇಲೂ, 25 ಸಾವಿರದ ಆಸುಪಾಸಿನಲ್ಲಿ ಕೈಯಲ್ಲಿ ಉಳಿಯುತ್ತಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೋಂಸ್ಟೇ ನಡೆಸುವವರಿಗೆ ಯಾವ ಕೋಣೆಗೆ ಏನೇನು ಬೇಕು ಎಂಬುದನ್ನು ನಾನು ಹೇಳಬೇಕಾಗಿಲ್ಲ. ದುಡ್ಡು ಎಲ್ಲಿ ಸೋರಿತು, ಎಲ್ಲಿ ನಿಂತಿತು ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲ ಸಲ ಹೋದದ್ದು ಕಾರಿನಲ್ಲಿ. ನಮ್ಮದು ರೈಲೇ ಇಲ್ಲದ ಜಿಲ್ಲೆ. ಮೈಸೂರಿಗೆ ಹೋಗಿ ಬರಲು 240 ಕಿಲೋಮೀಟರಿಗಿಂತ ಮೇಲಾಗುತ್ತದೆ. ಆಗಿನ ದರದಲ್ಲಿ ಪೆಟ್ರೋಲಿಗೆ 1,200 ರೂಪಾಯಿ, ಊಟ ಮತ್ತು ಪಾರ್ಕಿಂಗಿಗೆ 450 ರೂಪಾಯಿ ಹೋಯಿತು. ಅಂಗಡಿಯ ಬಿಲ್ಲಾದದ್ದು 7,200 ರೂಪಾಯಿ. "ಇಂದು ನೀವು ಉಳಿಸಿದ ಹಣ 3,860 ರೂ." ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚಾಗಿದ್ದುದನ್ನು ದಾರಿಯುದ್ದಕ್ಕೂ ಎರಡು ಮೂರು ಬಾರಿ ತೆಗೆದು ಓದಿಕೊಂಡು ಬಂದೆ. ಮನೆಗೆ ಬಂದು, ಅವೇ ಸಾಮಾನುಗಳಿಗೆ ಮಡಿಕೇರಿಯ ಅಂಗಡಿಗಳಲ್ಲಿ ನಾನು ಕೊಡುತ್ತಿದ್ದ ಬೆಲೆಯನ್ನು ಹಳೆಯ ಚೀಟಿಗಳಿಂದ ಹುಡುಕಿ ಪಕ್ಕದಲ್ಲಿ ಬರೆದಾಗ ನಿಜವಾಗಿ ಉಳಿದದ್ದು 1,100 ರೂಪಾಯಿ ಮಾತ್ರ ಎಂದು ತಿಳಿಯಿತು. ಬಿಲ್ಲಿನವರು ಉಳಿತಾಯವನ್ನು ಎಂಆರ್‌ಪಿಯಿಂದ ಎಣಿಸಿದ್ದರು. ಆದರೆ ಟವೆಲಿಗಾಗಲಿ ಬಕೆಟ್ಟಿಗಾಗಲಿ ಎಂಆರ್‌ಪಿ ಕೊಡುವವರು ನಮ್ಮ ಕಡೆಯಲ್ಲಿ ಯಾರಿದ್ದಾರೆ? ಪ್ರಯಾಣದ ಖರ್ಚು 1,650 ರೂಪಾಯಿಯನ್ನು ಕಳೆದರೆ 550 ರೂಪಾಯಿ ಕೈಯಿಂದ ಹೋಗಿತ್ತು. ಇದರ ಜೊತೆಗೆ ಪಟ್ಟಿಯಲ್ಲೇ ಇಲ್ಲದ ಒಂದು ಸ್ಯಾಂಡ್‌ವಿಚ್ ಟೋಸ್ಟರ್ ಬೇರೆ ಗಾಡಿ ಹತ್ತಿತ್ತು. ಬೆಳಗ್ಗೆ ಅಕ್ಕಿ ರೊಟ್ಟಿ, ನೂಲುಪುಟ್ಟು ತಿನ್ನಲೆಂದೇ ಬರುವ ಅತಿಥಿಗಳ ಮನೆಯಲ್ಲಿ ಅದು ಇವತ್ತಿಗೂ ಅಟ್ಟದ ಮೇಲಿದೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ವಸ್ತುವಿಗೂ ಮಡಿಕೇರಿಯ ಬೆಲೆ, ಶುಕ್ರವಾರದ ಸಂತೆಯ ಬೆಲೆ, ಕುಶಾಲನಗರದ ಬೆಲೆ, ಇಷ್ಟನ್ನು ತೂಕಕ್ಕೋ ಅಳತೆಗೋ ಭಾಗಿಸಿ ಬರೆದಿದ್ದೇನೆ. ಡಿಸ್ಕೌಂಟ್ ಅಂಗಡಿಯಲ್ಲಿ ನಾನು ನೋಡುವುದು ಈ ಪುಸ್ತಕವನ್ನೇ ಹೊರತು ಕೆಂಪು ಚೀಟಿಯನ್ನಲ್ಲ.

ಎರಡನೆಯ ಸಲದ ಪೆಟ್ಟು ದೊಡ್ಡದು. ಒಂದು ಮಳಿಗೆಯಲ್ಲಿ ಹತ್ತಿಯ ಡಬಲ್ ಬೆಡ್‌ಶೀಟುಗಳನ್ನು 399 ರೂಪಾಯಿಗೆ ಇಟ್ಟಿದ್ದರು. ಬಣ್ಣ ಚೆನ್ನಾಗಿತ್ತು, ನೇಯ್ಗೆ ಒತ್ತಾಗಿತ್ತು, ಹನ್ನೆರಡನ್ನು ಒಟ್ಟಿಗೇ ತೆಗೆದುಕೊಂಡೆ. 4,788 ರೂಪಾಯಿ. ಅಳತೆಯನ್ನು ಓದಿದ್ದೆ, 90 × 100 ಅಂಗುಲ. ಓದಿದ್ದನ್ನು ಹಾಸಿಗೆಗೆ ಹೊಂದಿಸಿ ನೋಡಿರಲಿಲ್ಲ. ನಮ್ಮ ಹಾಸಿಗೆಗಳ ಅಗಲ 72 ಅಂಗುಲ, ದಪ್ಪ 8 ಅಂಗುಲ. ಎರಡು ಪಕ್ಕಗಳ ದಪ್ಪವನ್ನು ಮುಚ್ಚುವಾಗಲೇ 88 ಅಂಗುಲ ಮುಗಿದುಹೋಗುತ್ತದೆ, ಅಡಿಗೆ ಸಿಕ್ಕಿಸಲು ಉಳಿಯುವುದು ಪಕ್ಕಕ್ಕೆ ಒಂದೊಂದೇ ಅಂಗುಲ. ಮೂರು ಒಗೆತಕ್ಕೆ ಆ ಒಂದಂಗುಲವೂ ಕುಗ್ಗಿತು. ರಾತ್ರಿ ಅತಿಥಿ ಒಮ್ಮೆ ಮಗ್ಗುಲಾದರೆ ಸಾಕು, ಬೆಳಗಾಗುವಾಗ ಬೆಡ್‌ಶೀಟು ಹಗ್ಗದ ಹಾಗೆ ಸುತ್ತಿಕೊಂಡು ನಡುವೆ ಬಿದ್ದಿರುತ್ತಿತ್ತು. ಬೆಂಗಳೂರಿನ ಒಬ್ಬ ಅತಿಥಿ ಹೋಗುವಾಗ ಪುಸ್ತಕದಲ್ಲಿ ಊಟವನ್ನು ಹೊಗಳಿ, ಹಾಸಿಗೆಯ ವಿಷಯಕ್ಕೆ ಒಂದೇ ಸಾಲು ಬರೆದಿಟ್ಟು ಹೋದರು. ಅದನ್ನು ಇಲ್ಲಿ ಹೇಳಲಾರೆ. ಈಗ 108 × 108ಕ್ಕಿಂತ ಕಡಿಮೆಯದನ್ನು ಕೈಯಲ್ಲಿ ಮುಟ್ಟುವುದಿಲ್ಲ.

ಹಾಳಾದದ್ದನ್ನು ಉಳಿಸಿಕೊಳ್ಳಲು ಹೋಗಿ ಮತ್ತೊಂದು ಪ್ರಯೋಗ ಮಾಡಿದೆ. ಆರು ಬೆಡ್‌ಶೀಟುಗಳನ್ನು ಟೈಲರಿಗೆ ಕೊಟ್ಟು, ಒಂದರಲ್ಲಿ ಆರರಂತೆ ಮೂವತ್ತಾರು ದಿಂಬಿನ ಕವರುಗಳನ್ನು ಹೊಲಿಸಿದೆ. ಹೊಲಿಗೆಗೆ ಕವರಿಗೆ 30 ರೂಪಾಯಿ, ಬಟ್ಟೆಯ ಪಾಲು 66 ರೂಪಾಯಿ. ಒಟ್ಟು 96 ರೂಪಾಯಿಯ ದಿಂಬಿನ ಕವರು. ಅದೇ ಮಳಿಗೆಯಲ್ಲಿ ಜೋಡಿಗೆ 150 ರೂಪಾಯಿಯ ಕವರುಗಳನ್ನು ರಾಶಿ ಹಾಕಿದ್ದರು. ಇದನ್ನು ಯಜಮಾನರಿಗೆ ಹೇಳಿರಲಿಲ್ಲ. ಈಗ ಓದಿ ತಿಳಿದುಕೊಳ್ಳಲಿ.

ಟವೆಲುಗಳ ಕಥೆ ಇದಕ್ಕಿಂತ ಸ್ವಾರಸ್ಯದ್ದು, ಏಕೆಂದರೆ ನನ್ನ ವಿಧಾನ ಹುಟ್ಟಿದ್ದು ಅಲ್ಲಿಯೇ. 30 × 60 ಅಂಗುಲದ ಸ್ನಾನದ ಟವೆಲು, ಚೀಟಿಯ ಮೇಲೆ 450 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 450 ಗ್ರಾಂ, ಬೆಲೆ 249 ರೂಪಾಯಿ. ಮಡಿಕೇರಿಯಲ್ಲಿ ಅದೇ ಅಳತೆಯದಕ್ಕೆ 420 ರೂಪಾಯಿ ಕೊಟ್ಟಿದ್ದೆ. ಕೈಗೆ ಹಿಡಿದಾಗ ಏನೋ ಹಗುರ ಅನ್ನಿಸಿತು. ಪಕ್ಕದಲ್ಲಿಯೇ ತರಕಾರಿ ವಿಭಾಗ, ಅಲ್ಲಿ ತೂಕದ ಯಂತ್ರ. ಟವೆಲನ್ನು ನಾಲ್ಕಾಗಿ ಮಡಚಿ ಅದರ ಮೇಲಿಟ್ಟೆ. "ಆಂಟಿ, ಅದು ತರಕಾರಿಗೆ ಮಾತ್ರ" ಎಂದು ಅಲ್ಲಿದ್ದ ಹುಡುಗ ಓಡಿ ಬಂದ. "ಗೊತ್ತಪ್ಪ, ಒಂದು ಸಲ ನೋಡ್ತೇನೆ, ಬಿಲ್ ಹಾಕುವುದು ಬೇಡ" ಎಂದೆ. ಯಂತ್ರ 370 ಗ್ರಾಂ ತೋರಿಸಿತು. ಆ ಅಳತೆಗೆ ನಿಜವಾದ 450 ಜಿಎಸ್‌ಎಂ ಆಗಿದ್ದರೆ ಟವೆಲು ಅರ್ಧ ಕಿಲೋ ದಾಟಿ ತೂಗಬೇಕು. ಇದು 320ರ ಹತ್ತಿರದ್ದು. ಹುಡುಗನೂ ಬಗ್ಗಿ ನೋಡಿದ, ನಂತರ ಏನೂ ನೋಡದವನ ಹಾಗೆ ಈರುಳ್ಳಿಯ ಕಡೆಗೆ ಹೋದ. ತರಲೇಬೇಕಾಗಿದ್ದರಿಂದ ಹಲ್ಲು ಕಚ್ಚಿಕೊಂಡು ಎಂಟು ಟವೆಲು ತಂದೆ. ಉಳಿದ ಎಂಟನ್ನು ಮಡಿಕೇರಿಯಲ್ಲಿಯೇ ದಪ್ಪನೆಯವನ್ನು ನೋಡಿ ಕೊಂಡೆ.

ಜುಲೈ ಬಂತು. ದಪ್ಪನೆಯ ಟವೆಲುಗಳು ಮೂರು ದಿನವಾದರೂ ಒಣಗಲಿಲ್ಲ. ನಾಲ್ಕನೆಯ ದಿನಕ್ಕೆ ಮೂಗಿಗೆ ಹಿಡಿಯಲಾಗದ ಮುಗ್ಗುಲು ವಾಸನೆ, ಎರಡು ವಾರಕ್ಕೆ ಅಂಚಿನಲ್ಲಿ ಬೂಷ್ಟಿನ ಕರಿಚುಕ್ಕೆ. ಒಮ್ಮೆ ಆ ಚುಕ್ಕೆ ಬಿದ್ದರೆ ಬಿಸಿನೀರು, ಸೋಡಾ, ಬ್ಲೀಚ್ ಯಾವುದಕ್ಕೂ ಪೂರ್ತಿ ಬಿಡುವುದಿಲ್ಲ ಎಂಬುದು ನಿಮಗೂ ಗೊತ್ತು. ನಾನು ಬೈದುಕೊಂಡು ತಂದಿದ್ದ ಆ ಎಂಟು ತೆಳು ಟವೆಲುಗಳು ಮಾತ್ರ, ಅಡುಗೆಮನೆಯ ಒಲೆಯ ಮೇಲಿನ ಬಿದಿರಿನ ಮೇಲೆ ಒಂದೇ ರಾತ್ರಿಯಲ್ಲಿ ಒಣಗಿ ಗರಿಗರಿಯಾಗುತ್ತಿದ್ದವು. ಮೂರು ಮಳೆಗಾಲ ದಾಟಿದ ಮೇಲೆ, ಕೊನೆಗೆ ಅಂಚು ಸಡಿಲವಾದಾಗ, ಅವುಗಳನ್ನು ನೆಲ ಒರೆಸಲು ಹಾಕಿದೆ. ಲೆಕ್ಕ ಮಾಡಿ ನೋಡಿ: 249 ರೂಪಾಯಿಯದು ಮೂರು ಮಳೆಗಾಲ, ಅಂದರೆ ಮಳೆಗಾಲಕ್ಕೆ 83 ರೂಪಾಯಿ, 420 ರೂಪಾಯಿಯದು ಒಂದೂವರೆ ಮಳೆಗಾಲ, ಅಂದರೆ 280 ರೂಪಾಯಿ. ಮಡಿಕೇರಿಯ ಟವೆಲಿನಲ್ಲಿ ಯಾವ ದೋಷವೂ ಇರಲಿಲ್ಲ. ನಮ್ಮ ಜುಲೈಗೆ ಅದು ಹೇಳಿದ್ದಲ್ಲ, ಅಷ್ಟೆ.

ಅಲ್ಲಿಂದೀಚೆಗೆ ನಾನು ಯಾವುದರ ಬೆಲೆಯನ್ನು ನೋಡಿದರೂ ಅದನ್ನು ಮಳೆಗಾಲಗಳಿಂದ ಭಾಗಿಸುತ್ತೇನೆ. ಒಂದು ವಸ್ತು ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವವನ್ನು ಎಷ್ಟು ಸಲ ದಾಟೀತು ಎಂಬುದೇ ಇಲ್ಲಿಯ ಅಳತೆ. 850 ರೂಪಾಯಿಯ ದಪ್ಪ ಮಿಂಕ್ ಬ್ಲಾಂಕೆಟ್ಟು ಎರಡು ಮಳೆಗಾಲಕ್ಕೆ ಮುಗಿಯಿತು. ಕಾವೇರಿಯ ಆಚೆ ಬೈಲಕುಪ್ಪೆಯಲ್ಲಿ ಚೌಕಾಸಿ ಮಾಡಿ 1,500ಕ್ಕೆ ತಂದ ಹೊದಿಕೆ ಐದನೆಯ ಮಳೆಗಾಲ ಕಂಡಿದೆ. ಹಾಗೆಂದು ದುಬಾರಿಯದೆಲ್ಲ ಒಳ್ಳೆಯದು ಎಂದಲ್ಲ, ಟವೆಲಿನಲ್ಲಿ ಅದು ತಿರುವುಮುರುವಾಯಿತಲ್ಲ. ಈಗ ನಮ್ಮಲ್ಲಿ ಟವೆಲುಗಳ ಎರಡು ಸೆಟ್ಟುಗಳಿವೆ, ಅಕ್ಟೋಬರಿನಿಂದ ಮೇ ತನಕ ದಪ್ಪನೆಯವು, ಮಳೆಗೆ ತೆಳುವಾದವು. ತೆಳುವಾದವು 350ರಿಂದ 380 ಗ್ರಾಂ ಒಳಗೆ ತೂಗಬೇಕು. ಕಡಿಮೆಯಾದರೆ ಅತಿಥಿಗಳು ಮೂಗು ಮುರಿಯುತ್ತಾರೆ, ಹೆಚ್ಚಾದರೆ ಒಣಗುವುದಿಲ್ಲ.

ಪಾದರಕ್ಷೆಯ ವಿಷಯಕ್ಕೆ ಬರುತ್ತೇನೆ. ತೋಟ ಸುತ್ತುವ ಅತಿಥಿಗಳಿಗೆ ಜಿಗಣೆ ಹತ್ತದಂತೆ ಗಮ್‌ಬೂಟು ಕೊಡುತ್ತೇವೆ. ಅಕ್ಟೋಬರಿನಲ್ಲಿ ಮಳೆ ಸಾಮಾನುಗಳನ್ನು ಅಂಗಡಿಯವರು ಖಾಲಿ ಮಾಡುವಾಗ ಆರು ಜೊತೆಯನ್ನು ಜೊತೆಗೆ 220ರಂತೆ ತಂದೆ; ಜೂನ್‌ನಲ್ಲಿ ಅವೇ 400ಕ್ಕೆ ಹೋಗುತ್ತವೆ. ಅದು ಚೆನ್ನಾಗಿ ನಡೆಯಿತು. ಕೊಡೆಯೂ ಹಾಗೆಯೇ. ರೇನ್‌ಕೋಟು ಮಾತ್ರ ಮಡಚಿಟ್ಟಲ್ಲಿಯೇ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಒಳಗಿನ ಪದರ ಕಿತ್ತು ಬಂತು. ತೂಗುಹಾಕಲು ಜಾಗವಿಲ್ಲದಿದ್ದರೆ ಅಕ್ಟೋಬರಿನ ರೇನ್‌ಕೋಟು ಬೇಡ. ಇದೇ ಹುಮ್ಮಸ್ಸಿನಲ್ಲಿ ಯಜಮಾನರಿಗೆ ಶೇಕಡ 60ರ ರಿಯಾಯಿತಿಯಲ್ಲಿ ಹೆಸರಾಂತ ಕಂಪನಿಯೊಂದರ ಬೂಟನ್ನು 1,100 ರೂಪಾಯಿಗೆ ತಂದುಕೊಟ್ಟೆ. ಕೈಲ್‌ಪೊಳ್ದ್ ಹಬ್ಬದ ದಿನ ಮೊದಲ ಬಾರಿ ಹಾಕಿಕೊಂಡು ಹೊರಟವರು ಗೇಟಿನವರೆಗೆ ಹೋಗುವಷ್ಟರಲ್ಲಿ ಅದರ ಅಡಿ ಬೆಣ್ಣೆ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ದಾರಿಯುದ್ದಕ್ಕೂ ಬಿದ್ದಿತ್ತು. ಪಾಲಿಯುರೇಥೇನ್ ಅಡಿಯ ಬೂಟುಗಳನ್ನು ವರ್ಷಗಟ್ಟಲೆ ಹಾಕದೆ ಇಟ್ಟರೆ ಗಾಳಿಯ ತೇವಕ್ಕೇ ಅವು ಒಳಗೊಳಗೆ ಸವೆಯುತ್ತವೆ. ಗೋದಾಮಿನಲ್ಲಿ ಕುಳಿತ ಹಳೆಯ ಮಾಲಿಗೆ ಅಷ್ಟು ದೊಡ್ಡ ರಿಯಾಯಿತಿ ಸಿಗುವ ಕಾರಣಗಳಲ್ಲಿ ಇದೂ ಒಂದಿರಬಹುದು ಎಂದು ನನಗೆ ಅನ್ನಿಸುತ್ತದೆ. ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಎರಡು ವರ್ಷ ದಾಟಿದ್ದರೆ ಬಿಟ್ಟಿಯಾಗಿ ಕೊಟ್ಟರೂ ತರುವುದಿಲ್ಲ. ಅಡಿಯ ಮೇಲೆ ಉಗುರನ್ನು ಒತ್ತಿ ನೋಡುವ ಕ್ರಮವೊಂದಿದೆ; ಅದನ್ನು ಬರವಣಿಗೆಯಲ್ಲಿ ತಿಳಿಸುವುದು ಕಷ್ಟ, ಮನೆಗೆ ಬಂದರೆ ತೋರಿಸುತ್ತೇನೆ.

ದಿನಸಿಯಲ್ಲಿ ನನಗೆ ಹೆಚ್ಚು ಲಾಭ ಸಿಕ್ಕಿಲ್ಲ ಎಂದು ನೇರವಾಗಿ ಹೇಳಿಬಿಡುತ್ತೇನೆ. ಎಣ್ಣೆಯ ಪೊಟ್ಟಣವನ್ನು ಲೀಟರೆಂದು ನಂಬಿ ತಂದು ನೋಡಿದರೆ ನಿವ್ವಳ ಪ್ರಮಾಣ 750 ಗ್ರಾಂ ಎಂದಿತ್ತು. ಲೀಟರ್ ಎಣ್ಣೆ 910 ಗ್ರಾಂ ತೂಗುತ್ತದೆ. ಅಗ್ಗವೆಂದು ಕಂಡದ್ದು ಗ್ರಾಂ ಲೆಕ್ಕದಲ್ಲಿ ನಮ್ಮ ಮಾಮೂಲಿ ಅಂಗಡಿಯದಕ್ಕಿಂತ ದುಬಾರಿಯಾಗಿತ್ತು. ಒಂದು ಕೊಂಡರೆ ಒಂದು ಉಚಿತ ಎಂದು ತಂದ ಡಿಟರ್ಜೆಂಟ್ ಪುಡಿ ಆಗಸ್ಟಿನಲ್ಲಿ ಕಲ್ಲಾಯಿತು, ಕಾರ್ನ್‌ಫ್ಲೇಕ್ಸ್ ಕಾಗದವಾಯಿತು. ಕಡಂಬುಟ್ಟಿಗೆಂದು ಅಲ್ಲಿಯ ಅಕ್ಕಿ ತರಿಯನ್ನು ಒಮ್ಮೆ ತಂದಿದ್ದೆ. ಹಬೆಯಲ್ಲಿ ಉಂಡೆಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾದವು. ಅತ್ತೆ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಏನೂ ಮಾತಾಡದೆ ಅಕ್ಕಿ ನೆನೆಹಾಕಲು ಹೋದರು. ದಿನಸಿಯನ್ನು ನಾನು ಈಗಲೂ ಊರಿನ ಅಂಗಡಿಯಲ್ಲಿಯೇ ತರುತ್ತೇನೆ. ಅದಕ್ಕೆ ಬೇರೊಂದು ಕಾರಣವೂ ಇದೆ: ಮಳೆಗಾಲದಲ್ಲಿ ಕೋಣೆಗಳು ಖಾಲಿ ಬಿದ್ದಾಗ, ಕಾಫಿ ಮಾರಿದ ಮೇಲೆ ಕೊಡುತ್ತೇನೆಂದರೆ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುವವರು ಅವರು. ಆರೇಳು ತಿಂಗಳ ಬಡ್ಡಿಯಿಲ್ಲದ ಸಾಲಕ್ಕೆ ಬೆಲೆ ಕಟ್ಟಿದರೆ ಯಾವ ಮೈಸೂರಿನ ರಿಯಾಯಿತಿಯೂ ಅದಕ್ಕೆ ಸಮನಾಗದು.

ಸಾಬೂನು, ಶಾಂಪೂ, ಟೂತ್‌ಪೇಸ್ಟುಗಳು ಬೇಗ ಹಾಳಾಗದ ವಸ್ತುಗಳಾದ್ದರಿಂದ ಅವುಗಳಲ್ಲಿ ಉಳಿತಾಯವಿದೆ, ಆದರೆ ಅಲ್ಲಿಯೂ ಒಮ್ಮೆ ಅತಿ ಬುದ್ಧಿವಂತಿಕೆಯಿಂದ ಕೆಟ್ಟೆ. 2025ರ ಆಗಸ್ಟಿನಲ್ಲಿ ಒಳ್ಳೆಯ ದರ ಸಿಕ್ಕಿತೆಂದು ವರ್ಷಕ್ಕಾಗುವಷ್ಟನ್ನು 2,400 ರೂಪಾಯಿ ಕೊಟ್ಟು ತಂದು ತುಂಬಿಸಿದೆ. ಸೆಪ್ಟೆಂಬರ್ 22ರಿಂದ ಅವುಗಳ ಮೇಲಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿಯಿತು. ಇನ್ನೊಂದು ತಿಂಗಳು ತಡೆದಿದ್ದರೆ 260 ರೂಪಾಯಿಯಷ್ಟು ಉಳಿಯುತ್ತಿತ್ತು. ದೊಡ್ಡ ಮೊತ್ತವೇನಲ್ಲ, ಆದರೆ ಅಲಮಾರಿಯ ಬಾಗಿಲು ತೆಗೆದಾಗಲೆಲ್ಲ ಆ ಸಾಬೂನುಗಳು ನನ್ನನ್ನೇ ನೋಡುತ್ತಿದ್ದವು.

ನಿಜವಾದ ಮೋಸ ಹೋದದ್ದು ಊರಿನಲ್ಲಿಯೇ. ಕಲ್ಯಾಣ ಮಂಟಪವೊಂದರಲ್ಲಿ "ಮೂರೇ ದಿನ" ಎಂಬ ಭಿತ್ತಿಪತ್ರ ಹಚ್ಚಿ ಹೊರಗಿನವರು ರಿಯಾಯಿತಿ ಮಾರಾಟ ಹಾಕಿದ್ದರು. ಕೋಣೆಗೊಂದರಂತೆ ನಾಲ್ಕು ಎಲೆಕ್ಟ್ರಿಕ್ ಕೆಟಲುಗಳನ್ನು 450ರಂತೆ ತಂದೆ. ಐಎಸ್‌ಐ ಗುರುತು ಇರಲಿಲ್ಲ, ಬಿಲ್ಲು ಕೇಳಿದರೆ "ಆಮೇಲೆ ಕೊಡುತ್ತೇವೆ ಅಕ್ಕಾ" ಎಂದರು. ಎರಡು ಕೆಟಲುಗಳು ವಾರದೊಳಗೆ ಸುಟ್ಟವು, ಮೂರನೆಯದರ ಹಿಡಿ ಕರಗಿತು. ಹೋಗಿ ನೋಡಿದರೆ ಮಂಟಪದಲ್ಲಿ ಮದುವೆ ನಡೆಯುತ್ತಿತ್ತು. 1,800 ರೂಪಾಯಿ ನೀರಿಗೆ ಹೋಯಿತು. ಬಿಲ್ಲಿದ್ದರೆ ದಾರಿಯಿರುತ್ತದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಮುಂದೊಮ್ಮೆ ಮೈಸೂರಿನ ಅಂಗಡಿಯೊಂದರಲ್ಲಿ ಹೊಲಿಗೆ ಬಿಟ್ಟ ಬೆಡ್‌ಶೀಟನ್ನು ಬದಲಿಸಿಕೊಡಲು ಒಪ್ಪದೆ, "ಮಾರಿದ ಮಾಲನ್ನು ಹಿಂಪಡೆಯುವುದಿಲ್ಲ" ಎಂಬ ಬೋರ್ಡನ್ನು ತೋರಿಸಿದಾಗ, ಇದೇ ಮಾತನ್ನು ತಣ್ಣಗೆ ಹೇಳಿ ಗ್ರಾಹಕ ಸಹಾಯವಾಣಿ 1915ಕ್ಕೆ ಅಲ್ಲಿಯೇ ನಿಂತು ಫೋನ್ ಹಚ್ಚಲು ಹೋದೆ. ಕರೆ ಹೋಗುವ ಮೊದಲೇ ಬೇರೆ ಬೆಡ್‌ಶೀಟು ಬಂತು.

ಇಷ್ಟೆಲ್ಲ ಕಲಿತರೂ ಪ್ರಯಾಣದ ಖರ್ಚು ಮಾತ್ರ ಎಲ್ಲವನ್ನೂ ನುಂಗುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಕೊಡುವ ಅಗತ್ಯ ತಪ್ಪಿತು. ಅಂದರೆ ಮೈಸೂರಿಗೆ ಹೋಗುವ ಖರ್ಚು ಸೊನ್ನೆಯಾಯಿತು. ಆದರೆ ಹನ್ನೆರಡು ಬೆಡ್‌ಶೀಟು, ಹದಿನಾರು ಟವೆಲು, ಎರಡು ಡಜನ್ ಪಿಂಗಾಣಿ ತಟ್ಟೆಗಳನ್ನು ಹೊತ್ತುಕೊಂಡು ತುಂಬಿದ ಬಸ್ಸು ಹತ್ತುವುದು ಹೇಗೆ? ಒಮ್ಮೆ ಪ್ರಯತ್ನಿಸಿದೆ. ಲಗೇಜಿನ ವಿಷಯಕ್ಕೆ ಕಂಡಕ್ಟರೊಡನೆ ಮಾತು ಬೆಳೆಯಿತು, ಹುಣಸೂರಿನ ತನಕ ಚೀಲದ ಮೇಲೆಯೇ ಕುಳಿತೆ, ಇಳಿಯುವಾಗ ಐದು ತಟ್ಟೆಗಳು ಒಡೆದಿದ್ದವು.

ಉಪಾಯ ಹೊಳೆದದ್ದು ನಮ್ಮದೇ ಅಂಗಳದಲ್ಲಿ. ಜನವರಿಯಲ್ಲಿ ಕಾಫಿ ಮೂಟೆಗಳನ್ನು ಹೇರಿಕೊಂಡು ಹುಣಸೂರು, ಮೈಸೂರು ಕಡೆಯಲ್ಲಿ ಕಾಫಿಯ ಸಿಪ್ಪೆ ಬಿಡಿಸಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಹೋಗುವ ಪಿಕಪ್‌ಗಳು ಹಿಂದಿರುಗುವಾಗ ಬಹುಪಾಲು ಖಾಲಿಯಾಗಿಯೇ ಬರುತ್ತವೆ. ಗಣರಾಜ್ಯೋತ್ಸವದ ರಿಯಾಯಿತಿ ಮಾರಾಟವೂ ಅದೇ ದಿನಗಳಲ್ಲಿ ನಡೆಯುತ್ತದೆ. ಕೊಯ್ಲು, ರಿಯಾಯಿತಿ, ಖಾಲಿ ಗಾಡಿ, ಈ ಮೂರೂ ಒಂದೇ ವಾರದಲ್ಲಿ ಕೂಡಿಬರುವುದನ್ನು ಅಷ್ಟು ವರ್ಷ ಕಣ್ಣೆದುರಿಗೇ ಇಟ್ಟುಕೊಂಡು ನಾನು ನೋಡಿರಲಿಲ್ಲ. 2024ರ ಜನವರಿಯಲ್ಲಿ ಮೊದಲ ಬಾರಿ ಹೀಗೆ ಮಾಡಿದೆ: ಬೆಳಗಿನ ಬಸ್ಸಿನಲ್ಲಿ ಹೋಗಿ, ಮಧ್ಯಾಹ್ನದೊಳಗೆ ಖರೀದಿ ಮುಗಿಸಿ, ಪರಿಚಯದ ಡ್ರೈವರಿಗೆ 600 ರೂಪಾಯಿ ಕೊಟ್ಟು ಸಾಮಾನನ್ನೆಲ್ಲ ಪಿಕಪ್‌ಗೆ ಹಾಕಿಸಿ, ನಾನು ಬಸ್ಸಿನಲ್ಲಿಯೇ ವಾಪಸಾದೆ. ಬಿಲ್ಲು ಸುಮಾರು 31 ಸಾವಿರ. ಮಡಿಕೇರಿಯ ಬೆಲೆಗೆ ಹೋಲಿಸಿದರೆ 9 ಸಾವಿರ ಉಳಿದಿತ್ತು. ತಟ್ಟೆಗಳನ್ನು ಬೆಡ್‌ಶೀಟಿನೊಳಗೆ ಸುತ್ತಿದ್ದೆ, ಒಂದೂ ಒಡೆಯಲಿಲ್ಲ. ಗೋಣಿಚೀಲದ ಧೂಳು ಬಿದ್ದೀತೆಂದು ಮೇಲೊಂದು ಟಾರ್ಪಾಲು ಹಾಕಿಸುವುದನ್ನು ಮಾತ್ರ ಮರೆಯಬೇಡಿ.

ಪಿಂಗಾಣಿಯ ಬಗ್ಗೆ ಎರಡು ಮಾತು. ಸೆಕೆಂಡ್ಸ್, ಅಂದರೆ ಸಣ್ಣಪುಟ್ಟ ದೋಷಕ್ಕೆ ಅಗ್ಗವಾಗಿ ಮಾರುವ ಮಾಲಿನ ರಾಶಿಯಲ್ಲಿ ಆರಿಸುವಾಗ ಕಪ್ಪನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಬಿರುಕಿಲ್ಲದ್ದು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕಿದ್ದದ್ದು ಮಡಕೆಯ ಹಾಗೆ. ಬಣ್ಣದ ಚುಕ್ಕೆ, ಸ್ವಲ್ಪ ಸೊಟ್ಟಗಿನ ಅಂಚು ಇದ್ದರೆ ಪರವಾಗಿಲ್ಲ. ಸೊಟ್ಟಗಿರುವುದನ್ನು ಕೈಯಿಂದ ಮಾಡಿದ್ದೆಂದು ತಿಳಿದು ಮೆಚ್ಚಿಕೊಂಡ ಅತಿಥಿಗಳೂ ಇದ್ದಾರೆ, ನಾನು ತಿದ್ದಲು ಹೋಗಿಲ್ಲ.

ಈಗ ವರ್ಷಕ್ಕೆ ಎರಡೇ ಸಲ ಹೋಗುತ್ತೇನೆ. ಜನವರಿಯ ಕೊನೆಯಲ್ಲಿ ಬಟ್ಟೆ ಮತ್ತು ಪಿಂಗಾಣಿಗೆ, ಅಕ್ಟೋಬರಿನಲ್ಲಿ ಕಾವೇರಿ ಸಂಕ್ರಮಣ ಕಳೆದ ಮೇಲೆ ಮಳೆಯ ಸಾಮಾನಿಗೆ. ಅಕ್ಟೋಬರಿನಲ್ಲಿ ಕಾಫಿ ಗಾಡಿ ಇರುವುದಿಲ್ಲ. ಆಗ ಬೇರೊಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ, ಅದನ್ನು ಒಪ್ಪಿಸಿದವರಿಗೆ ತೊಂದರೆಯಾಗಬಾರದೆಂದು ಇಲ್ಲಿ ಬರೆಯುವುದಿಲ್ಲ. ಹೋಟೆಲುಗಳಿಗೆ ಹೋಗಬೇಕಾಗಿದ್ದು ಅಂಚಿನ ಹೊಲಿಗೆಯ ದೋಷಕ್ಕೆ ಉಳಿದುಹೋದ ಬೆಡ್‌ಶೀಟುಗಳು ಸಿಗುವ ಗೋದಾಮಿನ ವಿಳಾಸವನ್ನೂ ಕೇಳಬೇಡಿ.

ಕಳೆದ ಜನವರಿಯ ಪಿಕಪ್‌ನಲ್ಲಿ ಮೂರು ಮನೆಗಳ ಸಾಮಾನು ಬಂತು. ಅಗ್ಗದ ಮಾಲು ಮಳೆಗೆ ತಡೆಯುವುದಿಲ್ಲ ಎಂದಿದ್ದ ಪಕ್ಕದ ತೋಟದ ಅಕ್ಕನೇ ಹೆಚ್ಚು ಜಾಗ ಹಿಡಿದಿದ್ದರು, ಎರಡು ಹಾಸಿಗೆ ಮತ್ತು ಒಂದು ಶೂ ರ‍್ಯಾಕ್. ಟವೆಲನ್ನು ತೂಗುವುದನ್ನು ಅವರಿಗೂ ಕಲಿಸಿದ್ದೇನೆ. ತರಕಾರಿಯ ಹುಡುಗ ಈಗ ನಮ್ಮನ್ನು ದೂರದಿಂದ ಕಂಡ ಕೂಡಲೇ ಯಂತ್ರದ ಮೇಲಿನ ಟೊಮೆಟೊ ತೆಗೆದು ಜಾಗ ಮಾಡಿಕೊಡುತ್ತಾನೆ. ವಾರದ ಯಾವ ದಿನ ಹೊಸದಾಗಿ ಬೆಲೆ ಇಳಿಸಿ ಚೀಟಿ ಅಂಟಿಸುತ್ತಾರೆ ಎಂಬುದನ್ನು ತಿಳಿಯಲು ಅಕ್ಕ ನಾಲ್ಕು ಸಲ ಕೇಳಿದ್ದಾರೆ. ಭಾನುವಾರವಂತೂ ಅಲ್ಲ ಎಂದಷ್ಟೇ ಹೇಳಿದ್ದೇನೆ.